ಬೀಗದೊಳಗಿನ ಅಣುಗಳು

ಸಭೆಗೆ ಬಂದಿರೋ ಹಿರಿಯರಿಗೆ, ಮಕ್ಕಳಿಗೆ, ಮುಂದೆ ಕೂತಿರೋ ನಮ್ಮ ಮೇಷ್ಟ್ರ ಮನೆಯವರಾದ ಸಿದ್ದಗಂಗಮ್ಮನವರಿಗೆ ಕೈ ಮುಗೀತೀನಿ. ನಾನು ಭೀಮಕ್ಕ, ಈ ಹೈಸ್ಕೂಲಿನ ಹೊಲಿಗೆ ಟೀಚರ್.

ಹೋದ ಸೋಮವಾರ ನಮ್ಮ ವಿಜ್ಞಾನದ ನಾಗಲಿಂಗಯ್ಯ ಮೇಷ್ಟ್ರು ಮಧುಗಿರಿ ಬಸ್‌ಸ್ಟ್ಯಾಂಡಿನಲ್ಲಿ ಎದೆ ಹಿಡಕೊಂಡು ಕೂತವರು ಏಳಲಿಲ್ಲ. ಶಿವನ ಇಚ್ಛೆ. ಆದ್ರೆ ಮನುಷ್ಯರು ಮಾಡಿದ್ದನ್ನೂ ಶಿವನ ತಲೆಗೆ ಕಟ್ಟೋಕೆ ನನಗೆ ಮನಸ್ಸಿಲ್ಲ.

ಅಲ್ಲಿ ನೋಡಿ — ಹೆಡ್‌ಮಾಸ್ಟರ ರೂಮಿನಲ್ಲಿ ಗಾಜಿನ ಬೀರು. ಅದರೊಳಗೆ ಬಣ್ಣದ ಗೋಲಿ, ಕಡ್ಡಿ ಇರೋ ಪೆಟ್ಟಿಗೆ. ಅಣುಗಳ ಆಕಾರ ಜೋಡಿಸಿ ಮಕ್ಕಳಿಗೆ ತೋರಿಸೋಕೆ ಎಪ್ಪತ್ತೆಂಟರಲ್ಲಿ ಬಂದದ್ದು. ಇದು ಎಂಬತ್ನಾಲ್ಕು. ಪ್ರತಿ ಆಯುಧಪೂಜೆಗೂ ಬೀಗಕ್ಕೆ ಕುಂಕುಮ, ಚೆಂಡುಹೂವು. ಗುಡಿಯ ದೇವರಿಗಾದ್ರೂ ದಿನಾ ಬಾಗಿಲು ತೆಗೀತೀವಿ. ಇದಕ್ಕೆ ಅದೂ ಇಲ್ಲ.

"ಕೀಲಿ ಕೊಡಿ ಸಾರ್" ಅಂತ ಮೇಷ್ಟ್ರು ಕೇಳೋರು. "ಒಂದು ಗೋಲಿ ಕಳೆದೋದ್ರೆ ಇನ್ಸ್‌ಪೆಕ್ಷನ್‌ಗೆ ನನ್ನ ತಲೆ ಇಡ್ಲೇನ್ರೀ?" ಅನ್ನೋರು ಹೆಡ್‌ಮಾಸ್ಟರ್ ನಂದೀಶ್ವರಯ್ಯನವರು. — ಇಲ್ಲೇ ಕೂತಿದ್ದೀರಿ ಸಾರ್, ಸುಳ್ಳಾದ್ರೆ ಹೇಳಿ.

ಬೋರ್ಡಿನ ಮೇಲೆ ಮಿಥೇನ್ ಗ್ಯಾಸಿನ ಅಣು ಬರೆದ್ರೆ, ನಡುವೆ ಒಂದು ಇಂಗಾಲ, ಸುತ್ತ ನಾಲ್ಕು ಜಲಜನಕ — ಕೂಡೋ ಲೆಕ್ಕದ ಗುರುತಿನ ಹಂಗೆ, ಚಪ್ಪಟೆ. ಅಣು ಅಂದ್ರೆ ರಂಗೋಲಿ ಥರ ನೆಲಕ್ಕೆ ಅಂಟಿಕೊಂಡದ್ದು ಅಂದ್ಕೊಂಡಿದ್ವು ಮಕ್ಕಳು. ಅದೇ ಮೇಷ್ಟ್ರಿಗೆ ಸಂಕಟ.

ಒಂದಿನ ಐ.ಡಿ.ಹಳ್ಳಿ ದಾರೀಲಿ ನೆಗ್ಗಿಲು ಮುಳ್ಳು ಚುಚ್ಚಿಸಿಕೊಂಡು ಕುಂಟುತ್ತಾ ಬಂದ್ರು. ಕಿತ್ತು ಜಗಲಿ ಮೇಲೆ ಎಸೆದ್ರು — ಹಿಂಗೆ. ಮತ್ತೆ ಎತ್ತಿ ಎಸೆದ್ರು. "ಭೀಮಕ್ಕಾ, ಹೆಂಗೆ ಬಿದ್ರೂ ಒಂದು ಮುಳ್ಳು ಮೇಲಕ್ಕೇ! ಮಿಥೇನೂ ಇಂಗೇ ಕಣ್ರೀ — ಮೂರು ಕಾಲು ಊರಿ, ಒಂದು ಕೈ ಎತ್ತಿ!" ಕಾಲಲ್ಲಿ ರಕ್ತ, ಮುಖದಲ್ಲಿ ನಗು.

ಅವತ್ತಿಂದ ಕೆರೆಯ ಜೇಡಿಮಣ್ಣು, ಜಾಲಿ ಮುಳ್ಳು. ಮಕ್ಕಳೇ ಅಣು ಕಟ್ಟಿದ್ವು. ಕ್ಯಾತಣ್ಣನ ಮಗಳು ಗಿರಿಯಮ್ಮ ನೀರಿನ ಅಣು ಕಟ್ಟಿ, "ನೀರು ಯಾಕೆ ಸಾ ಸೊಟ್ಟಗೈತೆ?" ಅಂದ್ಲು. ಅದಕ್ಕೆ ಮೇಷ್ಟ್ರು, "ಹೆಡ್‌ಮಾಸ್ಟರ ಬೆತ್ತದಂಗೆ ನೆಟ್ಟಗಿದ್ದಿದ್ರೆ ಬಾವೀಲಿ ನಿಲ್ತಿರಲಿಲ್ಲ ಕಣಮ್ಮ, ಗಾಳಿಯಾಗಿ ಹೋಗ್ತಿತ್ತು. ಆ ಸೊಟ್ಟದಿಂದಲೇ ನಾವು ಬದುಕಿರೋದು!" — ನಗಿ, ಪರವಾಗಿಲ್ಲ. ಅವತ್ತೂ ನಕ್ಕಿದ್ವಿ.

ಇನ್ಸ್‌ಪೆಕ್ಷನ್ ದಿನ ಹೆಡ್‌ಮಾಸ್ಟರು ಆ ಮಣ್ಣಿನ ಅಣುಗಳನ್ನ ಕಸ ಅಂತ ಗುಡಿಸಿ ಹಳ್ಳಕ್ಕೆ ಹಾಕಿಸಿದ್ರು. ಬಂದೋರು ಬೀಗ ಹಾಕಿದ ಬೀರು ನೋಡಿ, "ಚೆನ್ನಾಗಿ ಕಾಪಾಡಿದ್ದೀರಿ" ಅಂದು ಕಾಫಿ ಕುಡಿದು ಹೋದ್ರು. ಮೇಷ್ಟ್ರು ಅವತ್ತು ಬುತ್ತಿ ಬಿಚ್ಚಲಿಲ್ಲ.

ಈಗ ಅವರ ಫೋಟೋನ ಅದೇ ಬೀರುವಿನ ಮೇಲೆ ಇಡ್ತಾರಂತೆ. ಜೀವ ಇದ್ದಾಗ ಒಳಗೆ ಕೈ ಹಾಕೋಕೆ ಬಿಡಲಿಲ್ಲ — ಸತ್ತ ಮೇಲೆ ಅದಕ್ಕೇ ಕಾವಲು ನಿಲ್ಲಿಸ್ತೀರಾ?

ಸಾರ್, ಕೀಲಿ ನಿಮ್ಮ ಜೇಬಿನಲ್ಲೇ ಇದೆ. ಗಿರಿಯಮ್ಮನ ಕೈಗೆ ಕೊಡಿ. ಹೋಗವ್ವ, ತಗೊ.

ಎಲ್ಲರೂ ದಯವಿಟ್ಟು ಎದ್ದು ನಿಲ್ಲಿ. ತಲೆ ಬಾಗಿಸಿ. ಶಿವಾ, ನಮ್ಮ ಮೇಷ್ಟ್ರನ್ನ ನಿನ್ನ ಪಾದಕ್ಕೆ ಸೇರಿಸ್ಕೋ. ಇನ್ನು ಯಾರೂ ಮಾತಾಡಬೇಡಿ — ಆ ಬೀಗ ತೆಗೆದ ಸದ್ದು ಕೇಳೋವರೆಗೂ.