ಗಾಳಿ ಹಿಂಡಿದ ನೀರು

ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೊರಟಿದ್ದ ಬಸ್ಸಿನಲ್ಲಿ ತೂಕಡಿಸುತ್ತಿದ್ದ ಗೀತಾಂಜಲಿ, ಮುಂದಿನ ಸೀಟಿನಲ್ಲಿ ಪಕ್ಕದ ಯುವಕನನ್ನು ವಿಚಾರಿಸುತ್ತಿದ್ದ ಮಹಾಂತಯ್ಯನವರ ದನಿಗೆ ಎಚ್ಚೆತ್ತಳು.

“ಬೆಂಕಿ ಇಲ್ಲ, ಕಟಗಿ ಇಲ್ಲ, ನೀರು ಹೆಂಗ ಕಾಯ್ತೈತೋ ಗುರುಪಾದ?”

“ಗುಜರಿಯಾಗಿನ ಹಳೇ ಎಸಿ ಬಿಚ್ಚಿ ಹಂಡಿಗೆ ಜೋಡಿಸೇನ್ರಿ ಕಾಕಾ. ಗಾಳಿಯಾಗಿನ ಬಿಸಿ ಹಿಂಡಿ ನೀರಿಗೆ ಕೊಡತೈತ್ರಿ.”

“ಈ ಚಳಿಯಾಗ ಗಾಳಿಗೆ ಎಲ್ಲೀ ಬಿಸಿ?”

“ನನಗೂ ಹಂಗ ಅನಿಸಿತ್ರಿ. ಹಂಡ್ಯಾಗ ಕೈ ಇಟ್ರ ಚುರ್ ಅಂತು!”

“ನಿಮ್ಮವ್ವ ಏನಂದ್ಲು?”

“ಹೊಗಿ ಇಲ್ದ ಅಕಿ ಕೆಮ್ಮು ನಿಂತೈತ್ರಿ. ಆದ್ರೂ ನಂಬಲಿಲ್ಲ, ಬಗ್ಗಿ ಒಲಿ ಹುಡುಕಿದ್ಲು. ನೀರು ತುಂಬೂ ಹಬ್ಬಕ್ಕ ಹಂಡಿಗೆ ಕಟ್ಟೂ ಮಾಲಿಂಗನ ಬಳ್ಳಿ ತಂದು ಎಸಿ ಫ್ಯಾನಿಗೆ ಸುತ್ತಿಬಿಟ್ಲು. ‘ನೀರು ಕಾಸಾಂವ ಇವನ ಅಲ್ಲೇನು?’ ಅಂದ್ಲು.”

“ಫ್ಯಾನು ನಿಂತಿರಬೇಕು!”

“ನಿಂತಿತ್ರಿ. ಬಳ್ಳಿ ಬಿಚ್ಚಿ, ತಣ್ಣಗಾದ ಪೈಪಿಗೆ ಗಾಳಿಯಾಗಿನ ಪಸಿ ಹತ್ತಿ ತೊಟ್ಟಿಕ್ಕೂ ನೀರಿನ ಬಕೀಟಿನ್ಯಾಗ ಇಟ್ಟೆ.”

“ಹಬ್ಬ ಆಗಿ ಹತ್ತ ದಿನಾತು. ಒಣಗಿರಬೇಕು.”

“ಇಲ್ರಿ ಕಾಕಾ. ಬೇರು ಬಿಟ್ಟೈತಿ.”

ಕಂಡಕ್ಟರ್ “ರಾಯಾಪುರ” ಎಂದು ಕೂಗಿದ. ತನ್ನೂರಲ್ಲಿ ಇಳಿಯಲು ಗುರುಪಾದ ಎದ್ದ; ಮಹಾಂತಯ್ಯನವರೂ ಎದ್ದರು.

“ನೀವು ಧಾರವಾಡದ ಮಾಳಮಡ್ಡಿಗೆ ಹೋಗಾವ್ರಲ್ರಿ ಕಾಕಾ?”

“ಮಾಳಮಡ್ಡಿ ಎಲ್ಲಿಗೂ ಓಡಿಹೋಗಂಗಿಲ್ಲ. ನಡಿ, ಮೊದಲ ಆ ಬೇರು ತೋರಸು.”