ಎದುರುತ್ತರದ ಗಿಟಾರು

ಗುರುವಾರ ಸಂಜೆಯ ಹಾಡಿನ ಅಭ್ಯಾಸವನ್ನು ಆ ವಾರ ವೆಸ್ಟಾ ಅಜ್ಜಿಯ ಮನೆಯಲ್ಲಿ ಇಟ್ಟುಕೊಂಡಿದ್ದೆವು. ನಮ್ಮ ಮೌಂಟ್ ನೀಬೋ ಚರ್ಚಿನ ಮಾಡು ಸರಿಯಾಗಿ ಪಿಯಾನೋದ ನೆತ್ತಿಗೇ ಸೋರುತ್ತಿತ್ತು. ಅಭ್ಯಾಸ ಮುಗಿದರೂ ಮಳೆ ಮುಗಿಯಲಿಲ್ಲ. ಹತ್ತಿ ಹೊಲಗಳ ನಡುವಿನ ರಸ್ತೆಯ ಮೇಲೆ ನೀರು ಹರಿಯುತ್ತಿದೆ, ಸದ್ಯಕ್ಕೆ ಯಾರೂ ಕಾರು ತೆಗೆಯಬೇಡಿ ಎಂದು ಫೋನು ಬಂತು. ಎಲ್ಲರೂ ಮತ್ತೆ ಕೂತೆವು. ಚರ್ಚಿನ ಹಿರಿಯ ಡೀಕನ್ ಥರ್ಲೋ ಸಂತೋಷದಿಂದಲೇ ಮೂರನೆಯ ತುಂಡು ಕೇಕಿಗೆ ಕೈಹಾಕಿದ.

ಮೆಂಫಿಸಿನಿಂದ ಹೊಸದಾಗಿ ಬಂದಿದ್ದ ಹಾಡಿನ ಮೇಷ್ಟರು ಲಮಾಂಟ್ ಸುಮ್ಮನಿರಲಾರದೆ ಬಾಯಿಬಿಟ್ಟ. “ಅಜ್ಜಿ, ಚರ್ಚಿಗೆ ನೂರು ವರ್ಷ ತುಂಬುತ್ತಲ್ಲ, ಆವತ್ತು ಈ ಊರಿನವರದ್ದೇ ಒಂದು ಹಾಡು ಹಾಡಿಸಬೇಕು ಅಂತಿದ್ದೀನಿ. ಆರ್ಜೆಲ್ ಪಿಕೆಟ್ ಅಂತ ಬ್ಲೂಸ್ ಹಾಡೋರು ಇಲ್ಲಿದ್ರಂತಲ್ಲ. ಅವರ ರೆಕಾರ್ಡು ಎಲ್ಲಿ ಹುಡುಕಿದ್ರೂ ಸಿಕ್ತಿಲ್ಲ.”

ವೆಸ್ಟಾ ಅಜ್ಜಿಗೆ ಎಂಬತ್ತೆಂಟು ವರ್ಷ. ಕಿವಿ ಚುರುಕು, ಮಂಡಿ ಮೊಂಡು, ನಾಲಗೆಯ ವಿಷಯ ಹೇಳುವುದೇ ಬೇಡ. ಅವಳು ಕಾಫಿ ಬಟ್ಟಲನ್ನು ಕೆಳಗಿಟ್ಟು ಲಮಾಂಟನ ಮುಖವನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಕುರ್ಚಿಯನ್ನು ನಮ್ಮ ಕಡೆಗೆ ಎಳೆದುಕೊಂಡಳು.

“ಹೆಸರು ಎತ್ತಿದ್ದೀಯ, ಇನ್ನು ಕೇಳಿಸ್ಕೋ. ಥರ್ಲೋ, ನೀನು ಅಗಿಯೋದು ಸ್ವಲ್ಪ ಮೆಲ್ಲಗೆ...

“ಆರ್ಜೆಲ್‌ನ ನಾವ್ಯಾರೂ ಆರ್ಜೆಲ್ ಅಂತಿರಲಿಲ್ಲ, ಮಜ್ಜಿಗೆ ಅಂತಿದ್ವಿ. ಯಾಕೆ ಗೊತ್ತಾ? ಶನಿವಾರ ಪುಗ್ ಅನ್ನೋನ ಜೂಕ್ ಜಾಯಿಂಟಲ್ಲಿ, ಅದೇ ಕುಡಿದು ಕುಣಿಯೋ ಗುಡಿಸಲಲ್ಲಿ, ಊರಿಗೆ ಊರೇ ಮೀನು ತಿಂದು, ಕಳ್ಳಭಟ್ಟಿ ಕುಡಿದು, ನೆಲ ಮುರಿಯೋ ಹಾಗೆ ಕುಣೀತಿದ್ರೆ, ನಡುವೆ ಕೂತು ಗಿಟಾರು ಬಾರಿಸೋ ಈ ಮಹಾರಾಯ ಅವರಮ್ಮ ಕೊಟ್ಟು ಕಳಿಸಿದ ಮಜ್ಜಿಗೆ ಕುಡೀತಿದ್ದ. ಇಪ್ಪತ್ತಾರು ವರ್ಷ. ವಾರವೆಲ್ಲ ಟ್ರ್ಯಾಕ್ಟರು ಓಡಿಸೋದು, ಅಮ್ಮ ಮಾಡಿದ ಜೋಳದ ರೊಟ್ಟಿ ತಿನ್ನೋದು, ಒಂಬತ್ತಕ್ಕೆ ಮಲಗೋದು. ಆದ್ರೆ ಹಾಡು? ಅಯ್ಯೋ, ಹಾಡಲ್ಲಿ ಅವನಿಗೆ ಏಳು ಜನ ಹೆಂಗಸರು ಕೈಕೊಟ್ಟಿದ್ರು, ಎರಡು ಸಲ ಜೈಲಾಗಿತ್ತು, ಒಬ್ಬನನ್ನ ಇರಿದೂ ಇದ್ದ... ಇರಿಯೋದಿರಲಿ, ಅವರಮ್ಮ ಕೋಳಿ ಕುಯ್ಯೋವಾಗ ಈ ಗಂಡಸು ಹಿತ್ತಲಿಂದ ಎದ್ದು ಹೋಗ್ತಿದ್ದ ಕಣ್ರಪ್ಪ. ನಾನು ಆಗ ಪುಗ್‌ನ ಒಲೆ ಮುಂದೆ ಮೀನು ಕರೀತಿದ್ದವಳು, ಹತ್ತೊಂಬತ್ತು ವರ್ಷ. ಅವನ ಹಾಡು ಕೇಳಿ ಒಳಗೊಳಗೇ ನಗ್ತಿದ್ದೆ. ಕೈ ಮಾತ್ರ ಬಂಗಾರ. ಕಿರುಬೆರಳಿಗೆ ಸೀಸೆ ಕತ್ತಿನ ತುಂಡು ಹಾಕ್ಕೊಂಡು ತಂತಿ ಮೇಲೆ ಜಾರಿಸಿದ್ರೆ ನನ್ನ ಬಾಣಲೆಯಲ್ಲಿ ಮೀನು ಸೀದುಹೋಗ್ತಿತ್ತು.

“ಇನ್ನೊಂದು ಕಡೆ ಯುಜೀಲಿಯಕ್ಕ. ಯುಜೀಲಿಯಾ ಕ್ರಂಪ್. ನಮ್ಮ ಮೌಂಟ್ ನೀಬೋದಲ್ಲಿ ಮೂವತ್ತು ವರ್ಷ ಹಾಡು ಕಲಿಸಿದವಳು. ಲಮಾಂಟ್, ನೀನು ಕೋಪ ಮಾಡ್ಕೋತೀಯ ಅಂತ ಇವರು ದೂರ್ತಾರಲ್ಲ, ಆಯಮ್ಮನ ಮುಂದೆ ನೀನು ಕುರಿಮರಿ. ಸ್ವರ ಅಂದ್ರೆ ಇಸ್ತ್ರಿ ಹಾಕಿದ ಬಟ್ಟೆ ಥರ ನೆಟ್ಟಗಿರಬೇಕು. ಆರ್ಜೆಲ್ ಹದಿನಾರು ವರ್ಷದ ಹುಡುಗ ಆಗಿದ್ದಾಗ ಈಸ್ಟರ್ ದಿನ ಒಂದು ಸ್ವರಾನ ಹೀಗೆ... ಹೀಗೆ ಬಗ್ಗಿಸಿದ. ಮುಂದಿನ ಬೆಂಚಿನ ಹೆಂಗಸರೆಲ್ಲ ಒಂದು ಕಡೆಗೆ ವಾಲಿದ್ರು. ಅವನ ಮೈಮೇಲಿದ್ದ ಹಾಡುಗಾರರ ನಿಲುವಂಗಿನ ಅಲ್ಲೇ ಬಿಚ್ಚಿಸ್ಕೊಂಡು ಬಾಗಿಲು ತೋರಿಸಿದಳು ಯುಜೀಲಿಯಕ್ಕ. ‘ದೇವರ ಮನೇಲಿ ಸೊಟ್ಟ ಹಾಡೋರಿಗೆ ಜಾಗ ಇಲ್ಲ’ ಅಂದ್ಳು. ಅವನು ಸೀದಾ ಹೋಗಿ ಗಿಟಾರು ಹಿಡಿದ.

“ಆಯಮ್ಮನಿಗೆ ದೇವರ ಭಯ ಎಷ್ಟೋ ದೆವ್ವದ ಭಯವೂ ಅಷ್ಟೇ. ಅಂಗಳದ ಮರದ ರೆಂಬೆರೆಂಬೆಗೂ ನೀಲಿ ಸೀಸೆ ಸಿಗಿಸಿಟ್ಟಿದ್ದಳು. ಆಗ ಎಲ್ಲರ ಮನೇಲೂ ಇತ್ತು ಅನ್ನಿ. ರಾತ್ರಿ ಅಲೆಯೋ ದೆವ್ವ ನೀಲಿ ಬಣ್ಣಕ್ಕೆ ಮರುಳಾಗಿ ಸೀಸೆಯೊಳಗೆ ನುಗ್ಗುತ್ತೆ, ಹೊರಗೆ ಬರೋ ದಾರಿ ಗೊತ್ತಾಗಲ್ಲ, ಬೆಳಗ್ಗೆ ಬಿಸಿಲಿಗೆ ಕರಗಿಹೋಗುತ್ತೆ. ಐವತ್ತೊಂದನೇ ಇಸವಿ ಮಾರ್ಚಲ್ಲಿ ಯುಜೀಲಿಯಕ್ಕ ತೀರ್ಕೊಂಡಳು. ಮಣ್ಣು ಮಾಡಿ ಬಂದ ಸಂಜೆಯೇ ಮೋಡ ಕವೀತು. ಒಂಬತ್ತು ದಿನ ಸೂರ್ಯನ ಮುಖ ಕಾಣಲಿಲ್ಲ... ಈಗ ನೀವೇ ಯೋಚನೆ ಮಾಡಿ. ಸತ್ತ ಮೇಲೆ ಯಾರಿಗಾದ್ರೂ ತಮ್ಮ ಮನೆ ಒಂದು ಸಲ ನೋಡ್ಕೊಂಡು ಹೋಗೋಣ ಅನ್ನಿಸಲ್ವಾ? ಒಲೆ ಆರಿಸಿದ್ದಾರಾ, ಕೋಳಿಗೂಡಿನ ಬಾಗಿಲು ಹಾಕಿದ್ದಾರಾ ಅಂತ? ಆಯಮ್ಮನೂ ಬಂದಳು. ಬಂದು, ತಾನೇ ಕಟ್ಟಿದ ಸೀಸೆಯೊಳಗೆ ತಾನೇ ಸಿಕ್ಕಿಬಿದ್ದಳು.

“ಅದು ನಮಗ್ಯಾರಿಗೂ ಗೊತ್ತಿಲ್ಲ. ಆ ಹೊತ್ತಿಗೆ ಸುದ್ದಿ ಬಂತು, ಮೆಂಫಿಸಿಂದ ರೆಕಾರ್ಡು ಮಾಡೋನು ಬುಧವಾರ ನಮ್ಮೂರಿಗೆ ಬರ್ತಾನೆ, ದನದ ಮೇವಿನ ಅಂಗಡಿ ಹಿಂದೆ ಯಂತ್ರ ಇಡ್ತಾನೆ ಅಂತ. ಆರ್ಜೆಲ್‌ಗೆ ಜೀವ ಬಂದ ಹಾಗಾಯ್ತು. ‘ವೆಸ್ಟಾ, ಒಂದೇ ಒಂದು ರೆಕಾರ್ಡು ಸಾಕು ಕಣೆ. ನನ್ನನ್ನ ಆಚೆ ಹಾಕಿದ ಊರಿಗೆ ನಾನೂ ಹಾಡ್ತೀನಿ ಅಂತ ಗೊತ್ತಾಗ್ಲಿ’ ಅಂದ. ಅಷ್ಟೇ ಅವನ ಆಸೆ. ಹಿಂದಿನ ಶನಿವಾರ ಮಧ್ಯಾಹ್ನ ಪುಗ್‌ನ ದಪ್ಪ ತಂಗಿ ಕುಣೀತಾ ಕುಣೀತಾ ಅವನು ಬಿಚ್ಚಿ ಕೆಳಗಿಟ್ಟಿದ್ದ ಬೆರಳಿನ ಗಾಜನ್ನ ಕಾಲಲ್ಲಿ ಪುಡಿ ಮಾಡಿದಳು. ಪುಗ್‌ನ ಹತ್ರ ಇದ್ದದ್ದೆಲ್ಲ ಮಣ್ಣಿನ ಜಗ್ಗು, ಮಜ್ಜಿಗೆ ಕುಡಿಯೋನ ಮನೇಲಿ ಸಾರಾಯಿ ಸೀಸೆ ಎಲ್ಲಿರುತ್ತೆ? ಸೀದಾ ಯುಜೀಲಿಯಕ್ಕನ ಅಂಗಳಕ್ಕೆ ಹೋಗಿ ಮರದಿಂದ ಒಂದು ನೀಲಿ ಸೀಸೆ ಕಿತ್ಕೊಂಡು ಬಂದ. ಎಂಥ ಸೀಸೆ ಅಂತೀರಿ? ಹೊಟ್ಟೆ ಕಟ್ಟಿದಾಗ ಕುಡಿಯೋ ಮದ್ದಿಂದು.

“ಬಿಸಿಲು ಬೀಳದ ದಿನ ಆ ಮರದ ಸೀಸೆ ಮುಟ್ಟಬಾರದು ಅಂತ ನಮ್ಮಲ್ಲಿ ಹಸುಗೂಸಿಗೂ ಗೊತ್ತು. ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಆದ್ರೂ ಸೀಮೆಎಣ್ಣೆಯಲ್ಲಿ ನೆನೆಸಿದ ದಾರಾನ ಸೀಸೆ ಕತ್ತಿಗೆ ಸುತ್ತಿ, ಬೆಂಕಿ ಹಚ್ಚಿ, ತಣ್ಣೀರಲ್ಲಿ ಅದ್ದಿದ. ಬಕೆಟ್ಟು ಹಿಡ್ಕೊಂಡವಳು ನಾನೇ. ಟಕ್ ಅಂತ ಕತ್ತು ಬಿಟ್ಕೊಂತು. ಆಮೇಲೆ ಬಕೆಟ್ಟಿನ ನೀರು ಒಂದು ಸಲ ಗಂಟಲು ಸರಿಮಾಡ್ಕೊಂಡಿತು... ನಗಬೇಡಿ. ನಾನು ಕೇಳಿದ್ದು ಹೇಳ್ತಿದ್ದೀನಿ.

“ಆವತ್ತೇ ಸಂಜೆ ಜೂಕಲ್ಲಿ ಶುರುಮಾಡಿದ. ಬ್ಲೂಸಿನ ರೀತಿ ನಿಮಗೆ ಗೊತ್ತಲ್ಲ, ಬಾಯಿ ಒಂದು ಸಾಲು ಹಾಡುತ್ತೆ, ಗಿಟಾರು ಅದಕ್ಕೆ ಉತ್ತರ ಕೊಡುತ್ತೆ. ಇವನು ಕಣ್ಣು ಮುಚ್ಚಿ ಎಳೆದ: ‘ನನ್ನ ಹೆಣ್ಣು ನನ್ನ ಬಿಟ್ಟು ರೈಲು ಹತ್ತಿ ಹೋದಳು...’ ಗಾಜು ತಂತಿ ಮೇಲೆ ಜಾರ್ತು. ಬಂದದ್ದು ಬರೀ ನಾದ, ಮಾತಲ್ಲ. ಆದ್ರೆ ಅಲ್ಲಿದ್ದ ಅರವತ್ತು ಜನಕ್ಕೂ ಒಂದೇ ಮಾತು ಕೇಳಿಸ್ತು: ‘ಯಾವ ಹೆಣ್ಣೋ?’

“ಆರ್ಜೆಲ್ ಕಣ್ಣು ಬಿಟ್ಟ. ಮತ್ತೆ ಹಾಡಿದ: ‘ಜೈಲಿನ ಕಲ್ಲು ಒಡೆದು ನನ್ನ ಬೆನ್ನು ಮುರೀತು...’ ಗಿಟಾರು ಅಂತು: ‘ಟ್ರ್ಯಾಕ್ಟರ್ ಸೀಟಿಗೆ ಮೆತ್ತೆ ಹೊಲಿಸ್ಕೊಂಡಿದ್ದೀಯಲ್ಲೋ, ನಿಮ್ಮಮ್ಮನ ಹತ್ರ.’ ಆ ದನಿ ಯಾರದ್ದು ಅಂತ ಕೇಳಬೇಕಾ? ಅರ್ಧ ಜನ ಚಿಕ್ಕಂದಿನಲ್ಲಿ ಆಯಮ್ಮನ ಕೈಲಿ ಗೆಣ್ಣಿಗೆ ಏಟು ತಿಂದವರು. ಗಂಡಸರು ಟೋಪಿ ತೆಗೆದು ಎದ್ದು ನಿಂತರು. ಪುಗ್ ಸಾರಾಯಿ ಜಗ್ಗನ್ನ ಬೆನ್ನ ಹಿಂದೆ ಬಚ್ಚಿಟ್ಟ. ಆಮೇಲೆ ಯಾರೋ ಕಿಸಕ್ ಅಂದ್ರು ನೋಡಿ, ಜನ ನೆಲಕ್ಕೆ ಬಿದ್ದು ಬಿದ್ದು ನಕ್ಕರು. ಆರ್ಜೆಲ್ ಮಾತ್ರ ಬೆವತುಹೋಗಿದ್ದ.

“ಗಾಜು ಕಿತ್ತು ಎಸೆಯೋಣ ಅಂದ್ರೆ ಬೆರಳು ಬಿಟ್ಟು ಬರಲಿಲ್ಲ. ಸೋಪು ಹಾಕಿದ್ವಿ. ಹಂದಿ ಕೊಬ್ಬು ಸವರಿ ಎಳೆದ್ವಿ. ಆ ಕೊಬ್ಬಲ್ಲೇ ಆಮೇಲೆ ಪುಗ್ ಮೀನು ಕರಿಸಿದ, ಅದು ಬೇರೆ ವಿಷಯ. ಸುತ್ತಿಗೆ ತಗೊಂಡು ಒಡೀಲಾ ಅಂದೆ. ‘ಬೇಡ ಮಾರಾಯ್ತಿ, ಒಡೆದ್ರೆ ಆಯಮ್ಮ ನನ್ನ ಬೆರಳೊಳಗೇ ಹೋಗಿ ಕೂತ್ರೆ?’ ಅಂದ. ಬಿಸಿಲಿಗೆ ಹಿಡಿಯೋಣ ಅಂದ್ರೆ ಬಿಸಿಲೆಲ್ಲಿ? ಸೋಮವಾರ, ಮಂಗಳವಾರ, ಬರೀ ಮೋಡ. ಬುಧವಾರ ಹಾಗೇ ಹೋದ.

“ಮೇವಿನ ಚೀಲಗಳ ನಡುವೆ ಯಂತ್ರ. ರೆಕಾರ್ಡಿನವನ ಹತ್ರ ಹಾಡು ಕೊರೆಯೋ ಖಾಲಿ ತಟ್ಟೆ ಉಳಿದದ್ದು ಎರಡೇ. ಮೊದಲನೇದರಲ್ಲಿ ಆರ್ಜೆಲ್ ತಾನು ಒಬ್ಬನನ್ನ ಇರಿದ ಹಾಡು ಹಾಡಿದ. ಗಿಟಾರು ಕೋಳಿ ವಿಷಯ ಎತ್ತಿತು. ತಟ್ಟೆ ಹಾಳು. ರೆಕಾರ್ಡಿನವನು ನನ್ನ ಕಡೆ ತಿರುಗಿ, ‘ನಡುವೆ ಮಾತಾಡೋ ಆ ಹೆಂಗಸು ಸುಮ್ಮನಿದ್ರೆ ಇನ್ನೊಂದು ಸಲ ನೋಡ್ತೀನಿ, ಇಲ್ಲಾಂದ್ರೆ ಗಂಟು ಕಟ್ತೀನಿ’ ಅಂದ. ನಾನು ತುಟಿ ಪಿಟಕ್ ಅಂದಿರಲಿಲ್ಲ.

“ಆರ್ಜೆಲ್ ತಂತಿ ಮತ್ತೆ ಬಿಗಿ ಮಾಡ್ಕೊಂಡ. ಇವನ ಬಾಳೆಲ್ಲ ಇನ್ನು ಟ್ರ್ಯಾಕ್ಟರೇ ಅಂದ್ಕೊಂಡೆ ನಾನು. ಆಮೇಲೆ ಅವನು ಯಾವತ್ತೂ ಹಾಡದೇ ಇದ್ದದ್ದು ಹಾಡಿದ. ‘ಹದಿನಾರರಲ್ಲಿ ಬಾಗಿಲಾಚೆ ಹಾಕಿದ್ರು ನನ್ನ... ಹತ್ತು ವರ್ಷ ಭಾನುವಾರ ಕಿಟಕಿ ಕೆಳಗೆ ನಿಂತು, ಒಳಗಿನವರ ಜೊತೆ ಮೆಲ್ಲಗೆ ಹಾಡಿದೆ.’ ನಿಜ ಕಣ್ರಪ್ಪ. ಯಾರಿಗೂ ಗೊತ್ತಿರಲಿಲ್ಲ. ಜೂಕಿನ ಹಾಡುಗಾರ ಚರ್ಚಿನ ಗೋಡೆಗೆ ಒರಗಿ ಕದ್ದು ಹಾಡ್ತಿದ್ದ ಅಂತ ಯಾರಿಗೆ ಗೊತ್ತಾಗಬೇಕು?

“ಗಾಜು ಜಾರ್ತು. ಬಲು ನಿಧಾನವಾಗಿ ಬಂತು ಉತ್ತರ. ‘ಗೊತ್ತಿತ್ತು ಕಣೋ... ಅದಕ್ಕೇ ಡಿಸೆಂಬರಲ್ಲೂ ಕಿಟಕಿ ತೆಗೆಸಿ ಇಡ್ತಿದ್ದೆ.’

“ಡಿಸೆಂಬರ್ ಚಳೀಲಿ ಹಲ್ಲು ಕಟಕಟ ಅನ್ನಿಸ್ಕೊಂಡು ನಾವು ಹತ್ತು ವರ್ಷ ಹಾಡಿದ್ದು ಯಾಕೆ ಅಂತ ಆವತ್ತು ಗೊತ್ತಾಯ್ತು. ನಾನು ಜೋರಾಗಿ ಅತ್ತೆ. ರೆಕಾರ್ಡಿನವನೂ ಮೂಗು ಒರೆಸ್ಕೊಂಡ. ಮುಂದಿನ ಸಾಲುಗಳಿಗೆಲ್ಲ ಆಯಮ್ಮ ಬೈಯಲಿಲ್ಲ, ಜೊತೆಗೆ ಗುನುಗಿದಳು, ಅದೂ ಸ್ವರ ಬಗ್ಗಿಸ್ಕೊಂಡು. ಹಾಡು ಮುಗಿದದ್ದೇ ಗಾಜು ತಾನಾಗೇ ಬೆರಳಿಂದ ಕಳಚಿ ಅವನ ತೊಡೆ ಮೇಲೆ ಬಿತ್ತು. ರೆಕಾರ್ಡಿನ ಮೇಲೆ ‘ಆರ್ಜೆಲ್ ಪಿಕೆಟ್ ಮತ್ತು ಒಬ್ಬ ಮಹಿಳೆ’ ಅಂತ ಅಚ್ಚು ಹಾಕಿದ್ರು.

“ಆಮೇಲೆ ಎಸೀಬಹುದಿತ್ತು. ಎಸೀಲಿಲ್ಲ. ಮೂವತ್ತೆರಡು ವರ್ಷ ಅದನ್ನೇ ಹಾಕ್ಕೊಂಡು ಬಾರಿಸಿದ. ಸೇಂಟ್ ಲೂಯಿಸ್‌ಗೆ ಹೋದ, ಷಿಕಾಗೋಗೆ ಹೋದ. ಅಲ್ಲಿ ಗಿಟಾರಿಗೆ ಕರೆಂಟು ಕೊಟ್ರು ನೋಡಿ, ಆಯಮ್ಮನ ದನಿ ಬೀದಿ ಕೊನೇವರೆಗೂ ಕೇಳಿಸೋಕೆ ಶುರುವಾಯ್ತು. ಒಂದು ಸಲ ಹೋಟೆಲಿನವನು ‘ನಮ್ಮಲ್ಲಿ ಇವತ್ತಿನ ಮೀನು’ ಅಂತ ಕೂಗಿದ. ಆರ್ಜೆಲ್ ಸುಮ್ಮನೆ ತಂತಿ ಸರಿಮಾಡ್ತಿದ್ದ. ‘ಗುರುವಾರದ್ದು’ ಅಂತು ಗಿಟಾರು. ಇಬ್ಬರನ್ನೂ ಆಚೆ ಹಾಕಿದ್ರು. ಬಿಸಿಲಲ್ಲಿ ಹೊರಟ್ರೆ ಎಡಗೈ ಯಾವಾಗಲೂ ಕೋಟಿನ ಜೇಬಲ್ಲಿ. ಸಂಧಿವಾತ ಅಂದ್ಕೊಂಡಿದ್ರು ಜನ. ಆಯಮ್ಮ ಕರಗಿಹೋಗಬಾರದು ಅಂತ ನೆರಳು ಕೊಡ್ತಿದ್ದ ಅವನು.

“ಕಾಯಿಲೆ ಬಿದ್ದಾಗ ಊರಿಗೆ ಬಂದ. ನಾನು ಅಷ್ಟರಲ್ಲಿ ಹರ್ಷೆಲ್‌ನ ಮದುವೆಯಾಗಿ ಎರಡು ಮಕ್ಕಳ ತಾಯಿ. ಆ ಗಾಜನ್ನ ನನ್ನ ಕೈಗಿಟ್ಟ. ‘ನಾನು ಹೋದ ಮೇಲೆ ಬಿಸಿಲಲ್ಲಿಡು ವೆಸ್ಟಾ. ಅವಳಿಗೂ ಸಾಕಾಗಿದೆ.’ ಅವನನ್ನ ಮಣ್ಣು ಮಾಡಿ ಬಂದು, ಜುಲೈ ತಿಂಗಳ ಮಟಮಟ ಮಧ್ಯಾಹ್ನ ಈ ಮೆಟ್ಟಿಲ ಮೇಲೆ ಇಟ್ಟೆ. ಸಣ್ಣದೊಂದು ನಿಟ್ಟುಸಿರು ಕೇಳಿಸ್ತು. ಗಾಜಿನ ನೀಲಿಯೆಲ್ಲ ಹೋಗಿ ನೀರಿನ ಬಣ್ಣ ಆಯ್ತು.

“ಆವತ್ತು ಸಂಜೆ ದುಃಖ ತಡೀಲಾರದೆ ಅವನ ರೆಕಾರ್ಡು ಹಾಕಿದೆ. ಅವನ ದನಿ ಹಾಗೇ ಇತ್ತು. ಉತ್ತರ ಮಾತ್ರ ಇರಲಿಲ್ಲ... ಆಯಮ್ಮ ಹೋಗಿದ್ದಳಲ್ಲ. ಅವನು ಒಂದು ಸಾಲು ಹಾಡ್ತಾನೆ, ಆಮೇಲೆ ಖಾಲಿ. ಯಾರಾದ್ರೂ ಹೇಳಲಿ ಅಂತ ಕಾಯೋ ಖಾಲಿ. ಅದನ್ನ ಕೇಳ್ತಾ ಇದ್ದ ಹಾಗೆ ನನ್ನ ಬಾಯಿ ತಾನಾಗೇ ತೆರ್ಕೊಂತು. ಹರ್ಷೆಲ್ ಎದುರಿಗೇ ಕೂತಿದ್ದ. ‘ದಿನಾ ಇಬ್ಬರಿಗೆ ಅಂತ ಅಡುಗೆ ಮಾಡ್ತೀನಿ, ಆದ್ರೆ ಆ ಇನ್ನೊಬ್ಬ ನೀನಲ್ಲ’ ಅಂದೆ. ನಾನು ಅನ್ನಲಿಲ್ಲ, ಬಾಯಿ ಅಂತು. ಮೂರು ತಿಂಗಳು ಆ ಮನುಷ್ಯ ನನ್ನ ಕೈಯಡುಗೆ ಮುಟ್ಟಲಿಲ್ಲ.

“ನಿಮ್ಮ ಹಿಂದಿನ ಪಾದ್ರಿ ಒಂದೇ ವಾರದಲ್ಲಿ ಊರು ಬಿಟ್ಟದ್ದು ಯಾಕೆ ಅಂದ್ಕೊಂಡಿದ್ದೀರಿ? ಕೇಳಲೇಬೇಕು ಅಂತ ಹಟ ಹಿಡಿದ್ರು. ಖಾಲಿ ಜಾಗ ಬಂದದ್ದೇ ತಡ, ‘ಭಾನುವಾರದ ಪ್ರವಚನ ನಾನು ಬರೆಯೋದಲ್ಲ, ಅಂಚೇಲಿ ತರಿಸ್ಕೋತೀನಿ’ ಅಂದ್ರು. ಅದು ಪರವಾಗಿಲ್ಲ. ಅದರ ಮುಂದಿನ ಖಾಲಿ ಜಾಗದಲ್ಲಿ ಅವರು ಹೇಳಿದ್ದನ್ನ ನಾನು ಯಾರಿಗೂ ಹೇಳಿಲ್ಲ, ಹೇಳೋದೂ ಇಲ್ಲ.”

ಡೀಕನ್ ಥರ್ಲೋ ಕೇಕನ್ನು ಮೆಲ್ಲಗೆ ತಟ್ಟೆಗಿಟ್ಟು, ಮಳೆ ಕಡಿಮೆಯಾದ ಹಾಗಿದೆ ಎಂದ. ಮಳೆ ಮೊದಲಿಗಿಂತ ಜೋರಾಗಿ ಸುರಿಯುತ್ತಿತ್ತು. ನಾನು ನನ್ನ ಕೊಡೆ ಎಲ್ಲಿದೆ ಎಂದು ನೋಡಿದೆ. ಲಮಾಂಟ್ ಮಾತ್ರ ನಗುತ್ತಲೇ ಇದ್ದ. ಅವನ ಪಕ್ಕದಲ್ಲಿ ಕೂತಿದ್ದ ಅವನ ಹೆಂಡತಿ ನಗುತ್ತಿರಲಿಲ್ಲ, ಅವನನ್ನೇ ನೋಡುತ್ತಿದ್ದಳು.

ಅಜ್ಜಿ ಮಂಡಿ ಹಿಡಿದುಕೊಂಡು ಎದ್ದಳು. ಬೀರುವಿನ ಬಾಗಿಲು ಕಿರ್ರೆಂದಿತು. ಕಾಗದದ ಚೀಲದಿಂದ ಕಪ್ಪು ತಟ್ಟೆಯೊಂದನ್ನು ಹೊರತೆಗೆದು, ಏಪ್ರನ್ನಿನ ಅಂಚಿನಿಂದ ಅದನ್ನು ಪ್ರೀತಿಯಿಂದ ಒರೆಸತೊಡಗಿದಳು.

“ರೆಕಾರ್ಡು ಎಲ್ಲೂ ಸಿಗಲಿಲ್ಲ ಅಂದೆಯಲ್ಲ ಲಮಾಂಟ್, ಇಗೋ. ಮೂರೇ ನಿಮಿಷದ ಹಾಡು. ಉತ್ತರಕ್ಕೆ ಅಂತ ಬಿಟ್ಟ ಖಾಲಿ ಜಾಗ ಒಟ್ಟು ಆರು...” ಎಂದು ನಮ್ಮನ್ನು ಒಬ್ಬೊಬ್ಬರನ್ನಾಗಿ ಬೆರಳಿನಲ್ಲಿ ಎಣಿಸಿದಳು. “ನೀವೂ ಆರು ಜನ ಇದ್ದೀರಿ.”