ತಮ್ಮನ ವ್ಯಾನು

ವಾಹನ ತಪಾಸಣೆಯ ಸಾಲಿನಲ್ಲಿ ನನ್ನ ಮುಂದೆ ಒಂದು ಹಳೇ ಪಿಕಪ್ ನಿಂತಿತ್ತು. ಅದಕ್ಕೆ ಒರಗಿ ನಿಂತ ಹೆಂಗಸಿನ ಉಗುರುಗಳ ಸಂದಿಯಲ್ಲೆಲ್ಲ ಗ್ರೀಸು. ಅವಳ ತಮ್ಮ ಹುಡುಕಿಕೊಂಡು ಬಂದ.

“ಅಕ್ಕಾ, ಇದನ್ನ ಗುಜರಿಗೆ ಹಾಕು. ಗಾಡಿ ಇಲ್ದೆ ತೋಟ ನೋಡ್ಕೊಳ್ಳೋದು ನಿನ್ನ ಕೈಲಾಗಲ್ಲ, ನನಗೆ ಬಿಟ್ಬಿಡು ಅಂತ ಎಷ್ಟು ಸಲ ಹೇಳ್ಲಿ?”

“ಇಲ್ಲೀತನಕ ಓಡಿಸ್ಕೊಂಡೇ ಬಂದಿದೀನಿ.”

“ಎಂಜಿನ್ ಹೋಗಿತ್ತಲ್ಲ?”

“ಬೇರೆ ಕೂರಿಸ್ದೆ. ಗೇರ್‌ಬಾಕ್ಸೂ ಬದಲಾಯಿಸ್ದೆ. ಮೆಕ್ಯಾನಿಕ್ಕು ಆಗೋದೇ ಇಲ್ಲ ಅಂದ, ನಾನೇ ಕೈಹಾಕಿದೆ. ಎರಡೂ ಒಂದೇ ಕಂಪನೀದಲ್ವಾ, ಹೇಳಿ ಮಾಡಿಸಿದ ಹಾಗೆ ಕೂತ್ಕೊಳ್ತು.”

“ಎರಡೂ ಅಂದ್ರೆ? ಇನ್ನೊಂದು ಯಾವ ಗಾಡಿ?”

“ನಾಳೆ ಬಂದು ತಗೊಂಡು ಹೋಗ್ತೀನಿ ಅಂತ ಏಳು ವರ್ಷದ ಹಿಂದೆ ನನ್ನ ಅಂಗಳದಲ್ಲಿ ನಿಲ್ಲಿಸಿ ಹೋದ್ಯಲ್ಲ, ಆ ವ್ಯಾನು.”

“ಅಕ್ಕಾ! ಯಾರನ್ನ ಕೇಳಿ ಬಿಚ್ಚಿದೆ?”

“ನನ್ನ ತೋಟ ಬಿಡು ಅನ್ನೋಕೆ ನೀನು ಯಾರನ್ನ ಕೇಳಿದ್ದೆ?”

ತಪಾಸಣೆಯವರು ಮುಂದೆ ಬರುವಂತೆ ಕೈ ಬೀಸಿದರು. ಅವಳು ಹತ್ತಿ ಕೂತು ಗಾಡಿ ಚಾಲೂ ಮಾಡಿದಳು. ತಮ್ಮ ಅಡ್ಡ ನಿಂತ.

“ನನ್ನ ವ್ಯಾನಲ್ಲಿ ಇನ್ನೇನು ಉಳ್ಸಿದೀಯ, ಹೇಳು!”

ಅವಳು ಹಾರನ್ ಒತ್ತಿದಳು. ಅವನು ಬೆಚ್ಚಿ ಪಕ್ಕಕ್ಕೆ ಹಾರಿದ.

“ಇದೂ ನಿಂದೇ,” ಎಂದಳು, ಗೇರ್ ಹಾಕುತ್ತ.